ಹೆಗಲ ಹತ್ತಿರದ ಚುಕ್ಕೆ

ಬೆಳಿಗ್ಗೆ ಟೆರೇಸಿಗೆ ಹೋದಾಗ ನೀರಿನ ಟ್ಯಾಂಕ್ ಪಕ್ಕದ ಗೋಡೆಗೆ ಹಸಿರು ಎಲೆಯೊಂದು ಅಂಟಿಕೊಂಡಿತ್ತು. ತೆಗೆಯೋಣ ಅಂತ ಕೈ ಚಾಚಿದೆ. ಎಲೆ ಗಡಗಡ ನಡುಗಿತು! ಹೆದರಿ ಅಲ್ಲ, ಹಾರುವ ಮುಂಚೆ ಇವು ರೆಕ್ಕೆ ನಡುಗಿಸಿಕೊಂಡೇ ಮೈ ಬಿಸಿ ಮಾಡಿಕೊಳ್ಳುತ್ತವೆ. ಹೆದರಿದ್ದು ನಾನು.

ಅದು ಕಣಗಿಲೆ ಪತಂಗ. ಇಂಗ್ಲಿಷಿನವರಿಗೆ ಓಲಿಯಾಂಡರ್ ಹಾಕ್‌ಮಾತ್. ರೆಕ್ಕೆ ಬಿಡಿಸಿದರೆ ಸುಮಾರು 10 ಸೆಂಟಿಮೀಟರ್ ಅಗಲ, ಮೈ ನನ್ನ ಕಿರುಬೆರಳಷ್ಟು ದಪ್ಪ. ಸೈನಿಕರ ಬಟ್ಟೆಯಂಥ ಹಸಿರು, ನಡುವೆ ತಿಳಿ ಗುಲಾಬಿ ಪಟ್ಟೆಗಳು. ಬಣ್ಣ ನೋಡಿದರೆ ಸಾಕು, ಗೊತ್ತಾಗುತ್ತೆ ಅಲ್ವಾ?

ಸಾಲದು. ಹೋದ ವರ್ಷ ಇದೇ ಗೋಡೆಯ ಮೇಲೆ ಸ್ವಲ್ಪ ಕಂದು ಬಣ್ಣದ್ದೊಂದು ಕೂತಿತ್ತು. ಫೋಟೋ ತೆಗೆದು, ಕಣಗಿಲೆ ಪತಂಗವೇ, ಬಣ್ಣ ಮಾಸಿದೆ ಅಷ್ಟೇ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಅದು ಇದರ ದಾಯಾದಿ, ಡಾಫ್ನಿಸ್ ಹೈಪೋಥೌಸ್. ಅದಕ್ಕೆ ಮುಂದಿನ ರೆಕ್ಕೆಯ ತುದಿಯಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ ಇರುತ್ತೆ. ಕಣಗಿಲೆ ಪತಂಗದ ಗುರುತು ಇರುವುದು ರೆಕ್ಕೆಯ ಬುಡದಲ್ಲಿ, ಹೆಗಲ ಹತ್ತಿರ: ತಿಳಿ ಬಣ್ಣದ ಮಚ್ಚೆ, ಅದರೊಳಗೆ ಕಪ್ಪು ಚುಕ್ಕೆ. ಥೇಟ್ ಕಣ್ಣಿನ ಹಾಗೆ. ಈ ಸಲ ಮೊದಲು ಅಲ್ಲೇ ನೋಡಿದೆ. ಇತ್ತು.

ಆಮೇಲೆ ಇನ್ನೊಂದು ವಿಷಯ ಹೊಳೆಯಿತು. ಕೆಲವು ವಾರಗಳ ಹಿಂದೆ ಕುಂಡದ ನಂದಿಬಟ್ಟಲು ಪೂರ್ತಿ ಬೋಳಾಗಿತ್ತು. ಅಮ್ಮ ನನ್ನನ್ನೇ ಬೈದರು, ನೀರು ಹಾಕಲ್ಲ ಅಂತ. ಕುಂಡದ ಬುಡದಲ್ಲಿ ಮೆಣಸಿನಕಾಳಿನ ಥರದ ಹಿಕ್ಕೆ ಬಿದ್ದಿತ್ತು, ತಲೆಯೆತ್ತಿ ನೋಡಿದರೆ ಬೆರಳುದ್ದದ ಹಸಿರು ಹುಳು. ಬಾಲದಲ್ಲಿ ಗಿಡ್ಡ ಹಳದಿ ಕೊಂಬು. ಕಡ್ಡಿಯಿಂದ ಸುಮ್ನೆ ಮುಟ್ಟಿದೆ. ತಲೆ ಒಳಗೆಳೆದುಕೊಂಡಿತು, ಬೆನ್ನ ಮೇಲೆ ಎರಡು ನೀಲಿ ಕಣ್ಣು ಉಬ್ಬಿಕೊಂಡವು. ನಿಜವಾದ ಕಣ್ಣಲ್ಲ, ಹಕ್ಕಿಗಳನ್ನು ಬೆದರಿಸುವ ನಾಟಕ. ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ ಎಲ್ಲಾ ಇದಕ್ಕೆ ಊಟ. ಆ ಹುಳುವೇ ಈ ಪತಂಗವೋ, ಹೇಳುವಂತಿಲ್ಲ. ನನಗಂತೂ ಹಾಗೇ ಅನ್ನಿಸಿಬಿಟ್ಟಿದೆ.

ಸಂಜೆ ಕತ್ತಲಾಗುವವರೆಗೂ ಅದು ಕದಲಲಿಲ್ಲ. ಟೀ ಕುಡಿದು ಬರುವಷ್ಟರಲ್ಲಿ ಗೋಡೆ ಖಾಲಿ.

ನಂದಿಬಟ್ಟಲು ಮತ್ತೆ ಚಿಗುರಿದೆ. ಇವತ್ತು ಒಂದು ಎಲೆಯ ಮೇಲೆ ತಿಳಿಹಸಿರು ಮೊಟ್ಟೆಯೊಂದು ಕಂಡಿತು. ಅಮ್ಮನಿಗೆ ಇನ್ನೂ ಹೇಳಿಲ್ಲ.