ತಾತನ ಪಕ್ಕದ ಹಂಡೆ

ಯುಗಾದಿಗೆ ಮುಂಚೆ ಮಧುಗಿರಿಯಲ್ಲಿ ಸೋದರತ್ತೆ ಮನೆಗೆ ಸುಣ್ಣ ಹೊಡೆಸುತ್ತಿದ್ದರು. ಗೋಡೆಯ ಫೋಟೊಗಳನ್ನೆಲ್ಲ ಇಳಿಸಿ ಮಂಚದ ಮೇಲಿಟ್ಟಿದ್ದರು. ಅದರಲ್ಲೊಂದು ನಾನು ಚಿಕ್ಕಂದಿನಿಂದ ನೋಡಿದ್ದು. ತಾತ ಒಂದು ಬಸ್ಸಿನ ಹಿಂಬದಿ ನಿಂತಿದ್ದಾರೆ. ಪಕ್ಕದಲ್ಲಿ, ಬಸ್ಸಿಗೇ ಕಟ್ಟಿದ ಆಳೆತ್ತರದ ಕಬ್ಬಿಣದ ಹಂಡೆ. "ತಾತ ಉಗಿ ಬಸ್ಸಿನಲ್ಲಿ ಕ್ಲೀನರ್ ಆಗಿದ್ದರು" ಅಂತ ಅಪ್ಪ ಹೇಳುತ್ತಿದ್ದರು. ಹಾಗಾದರೆ 1910ರ ಹೊತ್ತಿನ ಗಾಡಿ ಇರಬೇಕು ಅಂತ ನಾನೂ ನಂಬಿದ್ದೆ.

ಅವತ್ತು ಗಾಜು ತೆಗೆದು, ಮೊಬೈಲಿನಲ್ಲಿ ಫೋಟೊ ಹಿಡಿದು ದೊಡ್ಡದು ಮಾಡಿ ನೋಡಿದೆ. ಮೊದಲು ಕಣ್ಣಿಗೆ ಬಿದ್ದದ್ದು ಚಕ್ರ. ಮರದ ಅರಗಳಿಲ್ಲ, ಗಟ್ಟಿ ರಬ್ಬರೂ ಅಲ್ಲ. ದಪ್ಪನೆಯ ಗಾಳಿ ಟೈರು, ತಗಡಿನ ಚಕ್ರ. 1910ಕ್ಕೆ ಇದು ಹೊಂದುವುದಿಲ್ಲ. ಉಗಿ ಗಾಡಿಗೆ ಹೊಗೆ ಕೊಳವೆ ಬೇಕು, ನೀರಿನ ತೊಟ್ಟಿ ಬೇಕು. ಎರಡೂ ಕಾಣಲಿಲ್ಲ. ಬದಲಿಗೆ ಹಂಡೆಯಿಂದ ಒಂದು ಪೈಪು ಹೊರಟು, ಇನ್ನೊಂದು ಸಣ್ಣ ಡಬ್ಬದೊಳಗೆ ಹೋಗಿ, ಬಸ್ಸಿನ ಅಡಿಯಲ್ಲೇ ಮುಂದಿನ ಬಾನೆಟ್ಟಿನ ಕಡೆಗೆ ಸಾಗಿತ್ತು. ಆ ಪೈಪಿನ ಮೇಲೆ ಬೆರಳಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ.

"ಅದ್ಯಾಕೆ ಹಂಗೆ ನೋಡ್ತಿದೀಯ? ಇದ್ಲು ಬಸ್ಸು ಕಣೋ ಅದು" ಅಂದರು ಅತ್ತೆ.

ಅವರಿಗೀಗ ಎಂಬತ್ತೊಂಬತ್ತು. ಇಷ್ಟು ವರ್ಷ ನಾವ್ಯಾರೂ ಅವರನ್ನು ಕೇಳಿರಲೇ ಇಲ್ಲ.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಮಾಮೂಲಿ ಪೆಟ್ರೋಲ್ ಬಸ್ಸುಗಳಿಗೇ ಈ ಹಂಡೆ ಕಟ್ಟಿದರು. ಒಳಗೆ ಇದ್ದಿಲು, ಅದಕ್ಕೆ ಬೆಂಕಿ. ಗಾಳಿ ಅಳತೆಯಲ್ಲಿ ಬಿಟ್ಟರೆ ಇದ್ದಿಲು ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಅದನ್ನು ಆರಿಸಿ, ಮಸಿ ಸೋಸಿ ಎಂಜಿನ್ನಿಗೆ ಬಿಡುತ್ತಾರೆ. ಆ ಸಣ್ಣ ಡಬ್ಬ ಸೋಸುವುದಕ್ಕೆ ಇದ್ದದ್ದು! ವಿಷದ ಗಾಳಿ ಅದು, ಸೋರಿದರೆ ಜೀವಕ್ಕೇ ಅಪಾಯ. ತಾತ ದಿನಾ ಅದರ ಪಕ್ಕದಲ್ಲೇ ದುಡಿದರು ಅಂತ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಪೆಟ್ರೋಲಿನಷ್ಟು ಶಕ್ತಿ ಈ ಗ್ಯಾಸಿಗಿಲ್ಲ. "ದಿಣ್ಣೆ ಬಂದ್ರೆ ಜನ ಇಳೀಬೇಕಿತ್ತು, ಗಂಡಸರು ತಳ್ಳೋರು" ಅಂದರು ಅತ್ತೆ. "ಅಪ್ಪ ಕೋಳಿ ಕೂಗೋಕೆ ಮುಂಚೆನೇ ಹೋಗೋರು. ಗಾಳಿ ತಿರುವಬೇಕಿತ್ತಲ್ಲ."

ಮತ್ತೆ ಫೋಟೊ ನೋಡಿದೆ. ತಾತನ ಬಲಗೈ ಹಂಡೆಯ ಮೇಲೆ ಸುಮ್ನೆ ಇಟ್ಟಂತಿದೆ ಅಂದುಕೊಂಡಿದ್ದೆ. ಇನ್ನೂ ದೊಡ್ಡದು ಮಾಡಿದಾಗ ಬೆರಳುಗಳ ನಡುವೆ ಒಂದು ಹಿಡಿ ಕಾಣಿಸಿತು. ಬೆಂಕಿಗೆ ಗಾಳಿ ಊದುವ ಫ್ಯಾನಿನ ಹಿಡಿ.

ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟೆ: ಇದ್ದಿಲು ಬಸ್ಸು, ಯುದ್ಧದ ಕಾಲ, ಗಾಳಿ ತಿರುವುತ್ತಿರುವವರು ತಾತ. ಅತ್ತೆ ಓದಿಸಿಕೊಂಡು ಕೇಳಿದರು. ಆಮೇಲೆ ಗಾಜು ಒರೆಸಿ ನನ್ನ ಕೈಗೆ ಕೊಟ್ಟರು.