ಗ್ಯಾರೇಜಲ್ಲಿ ಟಿಕಿ ಬಾರ್, ಮಿಕ್ಸೀಲಿ ಬಾದಾಮಿ

ಅಮ್ಮ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರೋ ನಮ್ಮನೆಗೆ ಬಂದ ಮೂರನೇ ದಿನ ಗ್ಯಾರೇಜ್ ಬಾಗ್ಲು ತೆಗೆದು ನೋಡಿದ್ಲು. ಕಾರ್ ನಿಲ್ಸೋ ಜಾಗದಲ್ಲಿ ಬಿದಿರು ಚಾಪೆ, ಒಣಹುಲ್ಲಿನ ಸೂರು, ಕೆಂಪು ಹಸಿರು ಲೈಟು, ಒಂದು ಸಾಲು ರಮ್ ಬಾಟ್ಲಿ. "ಇದೇನೋ, ಯಕ್ಷಗಾನದ ಚೌಕಿ ಥರ ಇದೆ" ಅಂದ್ಲು.

ಅಷ್ಟೇನೂ ತಪ್ಪಿಲ್ಲ, ಟಿಕಿ ಬಾರ್ ಅಂದ್ರೆ ವೇಷಾನೇ. 1930ರ ದಶಕದಲ್ಲಿ ಹಾಲಿವುಡ್‌ನಲ್ಲಿ ಡಾನ್ ದ ಬೀಚ್‌ಕಾಂಬರ್ ಅಂತ ಹೆಸರಿಟ್ಕೊಂಡವನೊಬ್ಬ ಶುರು ಮಾಡಿದ್ದು, ರಮ್ಮು ಕೆರಿಬಿಯನ್‌ದು, ಅಲಂಕಾರ ಪೆಸಿಫಿಕ್ ದ್ವೀಪಗಳದ್ದು, ಊಟ ಚೈನೀಸು, ಎಲ್ಲಾ ಕಲಬೆರಕೆ. ಟಿಕಿ ಅನ್ನೋದು ಪಾಲಿನೇಶಿಯಾದವರು ಕೆತ್ತೋ ಮೂರ್ತಿ, ಅವರಲ್ಲಿ ಕೆಲವರಿಗೆ ಅದರ ಮುಖದ ಆಕಾರದ ಮಗ್‌ನಲ್ಲಿ ಜನ ಕುಡಿಯೋದು ಬೇಜಾರು, ನ್ಯಾಯವಾದ ಬೇಜಾರೇ, ಅದಕ್ಕೆ ನಾನು ಮೂರ್ತಿ ಗೀರ್ತಿ ಇಟ್ಟಿಲ್ಲ, ಬರೀ ಗಾಜಿನ ಲೋಟ.

ನನಗೆ ಹುಚ್ಚು ಹಿಡ್ಸಿದ್ದು ಮೈ ಟೈ ಅನ್ನೋ ರಮ್ ಕಾಕ್‌ಟೇಲ್. ನಮಗೆ ಹತ್ರದ ಓಕ್ಲಂಡ್‌ನಲ್ಲೇ 1944ರಲ್ಲಿ ಟ್ರೇಡರ್ ವಿಕ್ ಅನ್ನೋ ಬಾರ್ ಮಾಲೀಕ, ಅಂದ್ರೆ ವಿಕ್ಟರ್ ಬರ್ಜೆರಾನ್, ತಾನೇ ಮೊದಲು ಮಾಡಿದೆ ಅಂತ ಹೇಳ್ಕೊಂಡಿದ್ದು. ನನ್ನ ಅಳತೆ: ರಮ್ 60 ಎಂಎಲ್, ಒಂದು ನಿಂಬೆಹಣ್ಣಿನ ರಸ, ಕಿತ್ತಳೆ ಲಿಕರ್ 15, ಬಾದಾಮಿ ಸಿರಪ್ 15, ಒಂದು ಚಮಚ ಕಲ್ಲುಸಕ್ಕರೆ ಪಾಕ. ಹೌದು, ಮೂಲ ರೆಸಿಪೀಲೂ ಕಲ್ಲುಸಕ್ಕರೆ ಪಾಕಾನೇ! ಪುಡಿ ಐಸ್ ಹಾಕಿ ಕುಲುಕಿ ಸುರಿದು, ಹಿಂಡಿದ ನಿಂಬೆ ಹೋಳು ಬೋರಲು ಹಾಕಿ ಪಕ್ಕದಲ್ಲಿ ಪುದೀನ ಸಿಗಿಸಿದ್ರೆ ಪುಟ್ಟ ದ್ವೀಪ, ಒಂದು ಮರ. ಅನಾನಸ್ ಜ್ಯೂಸ್ ಸುರಿದು ಮೈ ಟೈ ಅಂತ ಕೊಡೋರ ಹತ್ರ ನಾನು ಮಾತಾಡಲ್ಲ.

ಕಷ್ಟ ಇರೋದು ಬಾದಾಮಿ ಸಿರಪ್ಪಲ್ಲಿ. ಎರಡು ಸಲ ಸಿಪ್ಪೆ ಸಮೇತ ರುಬ್ಬಿ ಕಂದುಬಣ್ಣದ ಗಸಿ ಮಾಡ್ಕೊಂಡಿದ್ದೆ. ಅಮ್ಮ ನೋಡಿ "ಬಾದಾಮಿ ಹಾಲಿಗೆ ಇಷ್ಟು ಒದ್ದಾಟವಾ" ಅಂತ ರಾತ್ರಿ ನೆನೆಸಿಟ್ಲು, ಬೆಳಿಗ್ಗೆ ಎರಡು ಬೆರಳಲ್ಲಿ ಒತ್ತಿದ್ರೆ ಪುಳಕ್ ಅಂತ ಬಿಳಿ ಬೇಳೆ ಹಾರಿ ಬರೋದು, ಒಂದು ಸ್ಟೋವ್ ಕೆಳಗೇ ಹೋಯ್ತು, ನುಣ್ಣಗೆ ರುಬ್ಬಿ ಹಳೇ ಪಂಚೆ ತುಂಡಲ್ಲಿ ಹಿಂಡಿ ಸಕ್ಕರೆ ಕರಗಿಸಿದ್ಲು. ಈ ಸಿರಪ್ಪಿಗೆ ಹಾಕ್ಬೇಕಾದ ಕಿತ್ತಳೆ ಹೂವಿನ ನೀರು ನಾನು ತರೋಷ್ಟರಲ್ಲಿ ಏಲಕ್ಕಿ ಬಿದ್ದಾಗಿತ್ತು. ಶಾಸ್ತ್ರಕ್ಕೆ ವಿರುದ್ಧ, ಆದ್ರೆ ಈಗ ಏಲಕ್ಕಿ ಇಲ್ದೆ ನಾನು ಮಾಡಲ್ಲ.

ಸಂಜೆ ರಮ್ ಇಲ್ದಿರೋ ಲೋಟ ಹಿಡ್ಕೊಂಡು ಅಮ್ಮಾನೂ ಬಂದು ಕೂತ್ಲು. ಟಿಕಿ ಬಾರ್‌ಗೆ ಹೊಂದೋ ಸಂಗೀತ ಮಾಡಿದ ಮಾರ್ಟಿನ್ ಡೆನ್ನಿಯ ರೆಕಾರ್ಡ್ ಹಾಕಿದೆ, ಅದ್ರಲ್ಲಿ ಬ್ಯಾಂಡಿನವ್ರೇ ಬಾಯಲ್ಲಿ ಹಕ್ಕಿ ಕೂಗ್ತಾರೆ, ಮಧ್ಯೆ ಕಪ್ಪೆ ವಟಗುಟ್ಟುತ್ತೆ. ಎರಡು ನಿಮಿಷ ಕೇಳಿ ಅಮ್ಮ ಲೋಟ ಕೆಳಗಿಟ್ಲು. "ಮಳೆ ಬರೋ ಹಂಗಿದೆ ಕಣೋ, ಹಿತ್ತಲಲ್ಲಿ ಬಟ್ಟೆ ಇದೆ ನೋಡು."