ಆರು ಹೇಳಿಕೆ, ಒಂದು ಖಾಲಿ ಜಾಗ: ಮೂರನೇ ಕರಡಿನ ಟಿಪ್ಪಣಿ

ಕನ್ನಡಕ್ಕೆ ತರುತ್ತಿರುವುದು ಮನಶ್ಶಾಸ್ತ್ರಜ್ಞೆ ಜೀನ್ ಫಿನ್ನಿಯವರ 1992ರ ಜನಾಂಗೀಯ ಗುರುತಿನ ಮಾಪನ, ಅಂದರೆ ತನ್ನ ಜನರೊಂದಿಗೆ ಒಬ್ಬರಿಗಿರುವ ಸಂಬಂಧವನ್ನು ಅಳೆಯುವ ಪ್ರಶ್ನಾವಳಿ. 2007ರಲ್ಲಿ ಫಿನ್ನಿ ಮತ್ತು ಆಂಥನಿ ಓಂಗ್ ಅದನ್ನು ಆರು ಹೇಳಿಕೆಗೆ ಇಳಿಸಿದ ರೂಪ ನಮ್ಮದು: ಮೂರು ಹುಡುಕಾಟಕ್ಕೆ (ತಮ್ಮ ಜನರ ಬಗ್ಗೆ ತಿಳಿಯಲು ಪಟ್ಟ ಪ್ರಯತ್ನ), ಮೂರು ಬದ್ಧತೆಗೆ (ತಾನು ಅವರವ ಎಂಬ ಭಾವ), ಒಂದೊಂದಕ್ಕೂ 1ರಿಂದ (ಒಪ್ಪುವುದೇ ಇಲ್ಲ) 5ರವರೆಗೆ (ಪೂರ್ತಿ ಒಪ್ಪಿಗೆ) ಅಂಕ.

ಹೊತ್ತು ತಿಂದದ್ದು 'ಎಥ್ನಿಕ್ ಗ್ರೂಪ್' ಎಂಬ ಎರಡೇ ಪದ. 'ಜಾತಿ' ಎಂದರೆ ಸರ್ಟಿಫಿಕೇಟು ನೆನಪಾಗುತ್ತದೆ, 'ಕೋಮು' ಎಂದರೆ ಗಲಾಟೆ. 'ಜನಾಂಗ' ಪಠ್ಯಪುಸ್ತಕದ ಮಾತು. 'ನನ್ನ ಗುಂಪು' ಎಂದು ಬರೆದರಂತೂ ಕೆಟ್ಟಿತು. ಯಲ್ಲಾಪುರದ ಹಳ್ಳಿಗಳ ಹೆಂಗಸರಿಗೆ ಅದು ವಾರವಾರ ದುಡ್ಡು ಕಟ್ಟುವ ಸ್ವಸಹಾಯ ಗುಂಪು. ಮರು ಅನುವಾದದಲ್ಲಿ, ಅಂದರೆ ಕನ್ನಡವನ್ನು ತಿರುಗಿ ಇಂಗ್ಲಿಷಿಗೆ ತಂದು ನೋಡಿದಾಗ, ಈ ತಪ್ಪು ಸಿಕ್ಕುವುದೇ ಇಲ್ಲ, 'ಗುಂಪು' ಸಲೀಸಾಗಿ 'ಗ್ರೂಪ್' ಆಗಿ ವಾಪಸು ಬರುತ್ತದೆ. ಹೇಳಿಕೆ ಓದಿದ ಮೇಲೆ "ಇಲ್ಲಿ ಯಾರನ್ನು ನೆನೆದು ಹೇಳಿದಿರಿ?" ಎಂದು ಕೇಳಿದರೆ ಮಾತ್ರ ಹೊರಬೀಳುತ್ತದೆ.

ಹಾಗಾಗಿ ಆ ಪದವನ್ನೇ ಕೈಬಿಟ್ಟು, "ನೀವು ಯಾವ ಜನ?" ಎಂದು ಕೇಳಿ, ಬಂದ ಹೆಸರನ್ನೇ ಆರೂ ಹೇಳಿಕೆಗಳಲ್ಲಿ ತುಂಬುತ್ತೇವೆ. (ಪ್ರಶ್ನೆ ಜಾತಿಯ ಕಡೆಗೇ ವಾಲುತ್ತದೆ, ನಿಜ.) ಆದರೆ ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ, ಒಬ್ಬರು 'ಸಿದ್ದಿ' ಎಂದರೆ ಪಕ್ಕದ ಮನೆಯವರು 'ಕ್ರಿಶ್ಚನ್' ಎನ್ನಬಹುದು. ಭಟ್ಕಳದ ಮುಸ್ಲಿಂ ಸಮುದಾಯವಾದ ನವಾಯತರಲ್ಲೂ ಇದೇ ತೊಡಕು. ಮೊದಲು ಬಾಯಿಗೆ ಬಂದದ್ದನ್ನೇ ಬರೆಯಬೇಕು, ಎರಡನೆಯದನ್ನು ಕೊನೆಯಲ್ಲಿ ಕೇಳಬೇಕು, ಸುಳಿವು ಕೊಡಬಾರದು.

ಆರನೇ ಹೇಳಿಕೆ ತಮ್ಮ ಜನರ ಮೇಲಿನ 'ಅಟ್ಯಾಚ್‌ಮೆಂಟ್' ಕುರಿತದ್ದು. ಅದಕ್ಕೆ 'ಅಭಿಮಾನ' ಹಾಕಿದರೆ ಅಳೆಯುವುದು ಹೆಮ್ಮೆಯನ್ನು. 'ನಂಟು' ಎಂದರೆ ನೆಂಟಸ್ತನ. 'ಅಕ್ಕರೆ' ಉಳಿಯಿತು.

ಅಂಕ ಉಬ್ಬುವುದಕ್ಕೆ ಒಂದು ಕಾರಣ ಸರ್ವೆ ಎಂಬ ಮಾತು. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಆ ಪಟ್ಟಿಗೆ ಸೇರಿಸಿ ಎಂಬ ಹಾಲಕ್ಕಿ ಒಕ್ಕಲಿಗರ ಬೇಡಿಕೆಯೂ ಹಳೆಯದು. ಫಾರಂ ಕಂಡರೆ ಸರಕಾರದ್ದೆಂದುಕೊಂಡು ಎಲ್ಲಕ್ಕೂ 5 ಹೇಳುವವರಿರುತ್ತಾರೆ. ಸರಕಾರದ್ದಲ್ಲವೆಂದು ಮೊದಲೇ ಹೇಳಿ, ಮನೆ-ಆದಾಯದ ಪ್ರಶ್ನೆ ಕೊನೆಗಿಟ್ಟಿದ್ದೇವೆ. ಬಾಯಲ್ಲಿ ಕೇಳುವಾಗ ಎರಡು ಹಂತ: ಮೊದಲು "ಹೌದೋ, ಅಲ್ಲವೋ, ಎರಡೂ ಅಲ್ಲವೋ", ಆಮೇಲೆ "ಪೂರ್ತಿಯೋ, ಸ್ವಲ್ಪವೋ".

ಲೆಕ್ಕದ ಕಡೆ, ಸರಾಸರಿ ಹೋಲಿಸುವ ಮೊದಲು ಮೂರು ಮೆಟ್ಟಿಲು ದಾಟಬೇಕು: ಎಲ್ಲ ಜನರಲ್ಲೂ ಎರಡು ಅಂಶದ (ಹುಡುಕಾಟ, ಬದ್ಧತೆ) ರಚನೆ, ಒಂದೇ ಲೋಡಿಂಗ್ (ಹೇಳಿಕೆಗೂ ಅಂಶಕ್ಕೂ ಇರುವ ನಂಟಿನ ಬಲ), ಒಂದೇ ಇಂಟರ್ಸೆಪ್ಟ್ (ಅಂಶದ ಮಟ್ಟ ಒಂದೇ ಇದ್ದಾಗ ಆ ಹೇಳಿಕೆಗೆ ಬರುವ ಮೂಲ ಅಂಕ). ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಸಿಎಫ್ಐ (ಮಾದರಿ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆ ಎಂಬ ಸೂಚ್ಯಂಕ) 0.01ಕ್ಕಿಂತ ಹೆಚ್ಚು ಇಳಿದರೆ ಅಲ್ಲಿಗೇ ನಿಲ್ಲಬೇಕು. ಕೊನೆಯ ಮೆಟ್ಟಿಲಲ್ಲಿ ಸಿಕ್ಕಿಕೊಂಡರೆ ಒಂದು ಹೇಳಿಕೆಯ ಇಂಟರ್ಸೆಪ್ಟ್ ಸಡಿಲ ಬಿಡಬಹುದು, ಅಂದರೆ ಅದು ಜನದಿಂದ ಜನಕ್ಕೆ ಬೇರೆಯಾಗಲು ಬಿಡಬಹುದು. ಅಂಶಕ್ಕೆ ಮೂರೇ ಹೇಳಿಕೆ ಇರುವಾಗ ಎರಡನ್ನು ಸಡಿಲ ಬಿಟ್ಟರೆ ಹೋಲಿಕೆಗೆ ಉಳಿಯುವ ಆಧಾರ ಒಂದೇ. ನಮಗೆ ಅನುಮಾನ ಐದನೆಯದರ ಮೇಲೆ, ಅಂದರೆ ತಮ್ಮವರ ಬಗ್ಗೆ ಇತರರನ್ನು ಕೇಳಿ ತಿಳಿಯುವ ಮಾತು. ಸುಗ್ಗಿ ಕುಣಿತದಲ್ಲೇ ಬೆಳೆದ ಹಾಲಕ್ಕಿ ಅಜ್ಜಿ ಯಾರನ್ನು ಕೇಳಬೇಕು? ಆಕೆಯ 2 ಅಂಕ ಶಿರಸಿಯ ಕಾಲೇಜು ಹುಡುಗನ 2 ಅಲ್ಲ.